ಎರಡನೇ ಟ್ರಿಪ್ಪು

ಈ ಗುಡ್ಡ ದೇವರು ಇಟ್ಟದ್ದಲ್ಲ, ನಾ ಇಟ್ಟದ್ದು.
ದಿನಕ್ಕ ಹದಿನಾಲ್ಕು ಟ್ರಿಪ್ಪು, ಎಂಟು ವರ್ಷ,
ತಾಮ್ರ ತಗೊಂಡು ಉಳಿದ ಕಿಟ್ಟ, ಕೆಸರು
ಟಿಪ್ಪರ್ ಎತ್ತಿ ಇಲ್ಲೇ ಸುರುವಿ
ತಿರುಗಿಸಿಕೊಂಡು ಹೋಗತಿದ್ದೆ.
ಕನ್ನಡಿಯಾಗ ಹಿಂದ ನೋಡಿದವನಲ್ಲ.

ಸೊಹಾರದಿಂದ ಒಳಗ, ಬೆಟ್ಟದ ಬುಡಕ್ಕ ಈ ಜಾಗ.
ಕುಲುಮಿ ಆರಿ ಇಪ್ಪತ್ತು ವರ್ಷ ಆತು.
ನಡುವ ಊರಿಗಿ ಹೋಗಿದ್ದೆ,
ಶಹಾಬಾದದ ಸಿಮೆಂಟ್ ಫ್ಯಾಕ್ಟರಿಗೂ ಕೀಲಿ ಬಿದ್ದಿತ್ತು.
ಗೂಗಿ ಹೊಕ್ಕದ ಚಿಮಣಿಯಾಗ, ಇನ್ನ ಮುಗೀತು ಅಂದರು ಓಣಿ ಮಂದಿ.
ಇಲ್ಲಿನ ಚಿಮಣಿಯಾಗೂ ಒಂದು ಗೂಗಿ ಅದ.
ಅದಕ್ಕ ತ್ರಾಸ ಆಗಬಾರದಂತ
ಸುತ್ತ ತಂತಿ ಬೇಲಿ ಹಾಕಿ ಬೋರ್ಡು ಬರದಾರ.

ಈಗ ನನ್ನ ಕೈಯಾಗ ನೀರಿನ ಟ್ಯಾಂಕರ್.
ಪಟ್ಟಣದ ಗಟಾರ ನೀರು, ಸೋಸಿದ್ದು.
ಕುಡೀಬ್ಯಾಡ್ರಿ ಅಂತ ಮೂರು ಭಾಷಾದಾಗ ಬರದದ,
ನಮ್ಮ ಭಾಷಾ ಅದರಾಗಿಲ್ಲ,
ಆದರೂ ನಾ ಕುಡದಿಲ್ಲ.

ಗುಡ್ಡದ ನೆತ್ತಿ ಕಡದು ಇಳಿಜಾರು ಮಾಡ್ಯಾರ.
ಕರೇ ಪ್ಲಾಸ್ಟಿಕ್ ಹಾಳಿ, ಮ್ಯಾಲ ಜೇಡಿಮಣ್ಣು,
ಮ್ಯಾಲ ಜಲ್ಲಿ, ಮತ್ತ ಮಣ್ಣು,
ಪದರ ಪದರ, ಹಳೇ ಸೀರಿ ಕೂಡಿಸಿ ಕೌದಿ ಹೊಲಿದಂಗ.
ಒಳಗ ಮಲಗಿದ್ದು ನನ್ನದು.

ನೆಡೂಕಿಂತ ಮೊದಲ ಕೀಳೋದಿತ್ತು.
ಪಾಳು ಬಿದ್ದ ನೆಲದ ತುಂಬ ಜಾಲಿ.
ಇಲ್ಲಿ ಅದಕ್ಕ ಘಾಫ್ ಬಹ್ರಿ ಅಂತಾರ, ಸಮುದ್ರದ್ದು ಅಂತ.
ನಾವು ಬಳ್ಳಾರಿ ಜಾಲಿ ಅಂತೇವಿ.
ಎಲ್ಲಾರೂ ಬ್ಯಾರೇ ಊರ ಹೆಸರು ಹೇಳಿ ಕೈ ತೊಳಕೊಂಡಾರ.
ಹೊರಗಿಂದು ಬಂದು ಬೇರು ಬಿಟ್ಟದ ಅಂತ
ಕೀಳಲಿಕ್ಕ ನಮ್ಮನ್ನ ಕರಸ್ಯಾರಲ್ಲೋ ಬಂದೇನವಾಜ,
ಅಂತ ಷಫಿಕುಲ್ ನಕ್ಕು ನಕ್ಕು ಪಿಕಾಸಿ ಮ್ಯಾಲ ಕುಂತ.

ಹುಮೈದ್ ಅಲ್ ಮಕ್ಬಾಲಿ ಬಾವಿಗಿ ಸೀಸೆ ಇಳಸ್ತಾನ,
ವಾರಕ್ಕೊಮ್ಮೆ. ನೀರು ತಗೊಂಡು ಬೆಳಕಿಗಿ ಹಿಡೀತಾನ.
ಅವರ ಮುತ್ಯಾನ ಖರ್ಜೂರ ತೋಟ ಇಲ್ಲೇ ಕೆಳಗ.
ಫಲಜ್ ಕಾಲುವಿ ಉಪ್ಪಾತು,
ಮರ ನಿಂತಾವ, ತಲಿ ಇಲ್ಲ.
ಆಗ ಇಲ್ಲಿ ಸುರುವಿದವರು ಯಾರು, ಗೊತ್ತದೇನು, ಅಂತ ಒಂದಿನ ಕೇಳಿದ.
ನಾ ಪೈಪು ಹಿಡಕೊಂಡು ನಿಂತಿದ್ದೆ.
ಕಂಪನಿ, ಅಂದೆ.
ಸುಳ್ಳೇನಲ್ಲ.

ಸಸಿ ಬಂದವು, ಘಾಫ್ ಸಸಿ, ಕರೇ ಚೀಲದಾಗ.
ಎಲಿ ನೋಡಿದೆ. ಮುಳ್ಳು ನೋಡಿದೆ. ತಿಕ್ಕಿ ಮೂಸಿದೆ.
ಅಲಾ ಇದರ, ಬನ್ನಿ!
ಚನ್ನಮಲ್ಲ ಕಾಕಾ ದಸರಾದಾಗ ಓಣಿ ತುಂಬ ತಿರುಗಿ,
ನಮ್ಮ ಮನಿ ಕಟ್ಟಿ ಮ್ಯಾಲೂ ಬಂದು,
ವರ್ಷದ ಜಗಳ ಬಿಟ್ಟು
ಬಂಗಾರ ತಗೋ ಅಂತ ಅಪ್ಪನ ಕೈಯಾಗ ಇಡತಿದ್ದನಲ್ಲ,
ಅದೇ ಬನ್ನಿ,
ಇಲ್ಲಿ ಪಾಸ್‌ಪೋರ್ಟ್ ಇಲ್ಲದ ನಿಂತದ.

ಅಕ್ಟೋಬರದಾಗ ದಿನ ಲೆಕ್ಕ ಹಾಕಿ
ಒಂದು ಎಸಳು ಹರದು ಹುಮೈದನ ಕೈಯಾಗ ಇಟ್ಟೆ.
ಮಾತು ಗಂಟಲಿಗಿ ಬಂದಿತ್ತು.
ಸಸಿ ಎಲಿ ಹರದರ ಐವತ್ತು ರಿಯಾಲ್ ದಂಡ, ಅಂದ ಅವ,
ಮತ್ತ ಆ ಎಸಳು ಕಿಸೇದಾಗ ಇಟಗೊಂಡ.

ನೆಟ್ಟದ್ದು ನಾಲ್ಕು ಸಾವಿರ. ಒಣಗಿದ್ದು ಸಾವಿರದ ಆರುನೂರು.
ಇಂಜಿನಿಯರ್ ಛಲೋ ಲೆಕ್ಕ ಅಂತಾನ.
ಬಾವಿ ಸಿಹಿ ಆಗಲಿಕ್ಕ ಇನ್ನ ಮೂವತ್ತು ವರ್ಷ ಬೇಕಂತ.
ನನ್ನ ವೀಸಾ ಎರಡು.

ಇವತ್ತಿನ ಎರಡನೇ ಟ್ರಿಪ್ಪು ಮುಗಿಸಿ ಹೊಂಟೇನಿ.
ಟ್ಯಾಂಕರ್ ವಾಲ್ವು ಸೋರತದ. ಕನ್ನಡಿಯಾಗ ನೋಡಿದರ
ಹಿಂದ ದಾರಿ ಮ್ಯಾಲ ಒಂದು ಹಸಿ ಗೆರಿ,
ಗೇಟು ಮುಟ್ಟೋದರಾಗ ಆರಿ ಹೋಗತದ.
ರಿಪೇರಿ ಮಾಡಿಸ್ರಿ ಅಂತ ಮೂರು ಸಲ ಹೇಳಿದ್ದೆ.
ಗೆರಿ ಗುಂಟ, ಯಾರೂ ನೆಡದ ಹುಲ್ಲು
ನಾಲ್ಕು ಬೆರಳು ಎದ್ದದ ಈಗ.
ಹೇಳೋದು ಬಿಟ್ಟೇನಿ.